ಲಾಳಕ್ಕೆ ಮೊದಲು ಗೊರಸು

ಬೆಂಗಳೂರಿನಲ್ಲಿ ಹಲಸೂರಿನ ಮಗ್ಗುಲ ಮರ್ಫಿ ಟೌನ್‌ಗೆ ಹಿಂದೆ ನಾಕ್ಸ್‌ಪೇಟೆ ಎಂದು ಹೆಸರು. ದಂಡಿನ ಚಾಕರಿ ನಂಬಿ ಬದುಕಿದ ದುಡಿಯುವ ಜನರ ಪೇಟೆ. 1809ರಲ್ಲಿ ಬ್ರಿಟಿಷರ ದಂಡು ಶ್ರೀರಂಗಪಟ್ಟಣದಿಂದ ಬಂದು ಈ ಊರಲ್ಲಿ ತಳವೂರಿತು. ಫಿರಂಗಿ ಎಳೆಯಲು, ಸವಾರಿಗೆ, ಆಮೇಲೆ ಶಿವಾಜಿನಗರದ ಜಟಕಾಗಳಿಗೆ, ಎಲ್ಲಕ್ಕೂ ಕುದುರೆಯೇ ಬೇಕಿತ್ತು. ಆ ಕುದುರೆಗಳನ್ನು ಕಾಲ ಮೇಲೆ ನಿಲ್ಲಿಸಿದವರು ಲಾಳ ಕಟ್ಟುವ ನಾಲ್‌ಬಂದರು.

ಲಾಳ ಹೊಡೆಯುವುದಷ್ಟೇ ಅವರ ಕೆಲಸ ಅಂದುಕೊಳ್ಳುತ್ತೇವೆ. ಆದರೆ ಅವರ ವಿದ್ಯೆಯೆಲ್ಲ ಗೊರಸು ಕೆತ್ತುವುದರಲ್ಲಿತ್ತು. ಗೊರಸು ತಿಂಗಳಿಗೆ ಸುಮಾರು 8ರಿಂದ 10 ಮಿಲಿಮೀಟರ್ ಬೆಳೆಯುತ್ತದೆ. ಬಯಲಲ್ಲಿ ಅಲೆಯುವ ಕುದುರೆಗೆ ತಾನಾಗಿ ಸವೆಯುತ್ತದೆ. ದಂಡಿನ ಜಲ್ಲಿ ರಸ್ತೆಯಲ್ಲಾದರೆ ಬೆಳೆದದ್ದಕ್ಕಿಂತ ಸವೆದದ್ದೇ ಹೆಚ್ಚು, ಅದಕ್ಕೇ ಲಾಳ. ಲಾಳ ಕಟ್ಟಿದ ಮೇಲೆ ಸವೆತ ನಿಲ್ಲುತ್ತದೆ, ಬೆಳೆಯುವುದು ನಿಲ್ಲುವುದಿಲ್ಲ. ಮುಂತುದಿ ಉದ್ದವಾದರೆ ಕಾಲಿನ ಹಿಂಬದಿಯ ಸ್ನಾಯುರಜ್ಜು ಜಗ್ಗಿ ಕುದುರೆ ಎಡವುತ್ತದೆ.

ಅವರ ಕೈಚಳಕ ನೋಡಬೇಕು. ಮುಂಗಾಲನ್ನು ಮಡಿಸಿ ತೊಡೆಗಳ ನಡುವೆ ಹಿಡಿದು, ಬಾಗಿದ ಚಾಕುವಿನಿಂದ ಅಂಗಾಲಿನ ಕೊಳಕು ತೆಗೆದು, ಇಕ್ಕಳದಿಂದ ಅಂಚು ಕತ್ತರಿಸಿ, ಅರದಿಂದ ಉಜ್ಜಿ ಸಮ ಮಾಡುತ್ತಾರೆ. ಗೊರಸಿನ ಗೋಡೆಗೂ ಅಂಗಾಲಿಗೂ ನಡುವೆ ಸಣ್ಣದೊಂದು ಬಿಳಿ ಗೆರೆ ಕಾಣುತ್ತದೆ. ಮೊಳೆ ಆ ಗೆರೆಯ ಹೊರಗೇ ಇಳಿಯಬೇಕು. ಒಳಗೆ ಹೋದರೆ ಜೀವವಿರುವ ಭಾಗಕ್ಕೆ ತಾಗಿ ಕುದುರೆ ಕುಂಟುತ್ತದೆ.

1918ರ ಸೆಪ್ಟೆಂಬರ್ 23ರಂದು ಹೈಫಾ ಗೆದ್ದ ಮೈಸೂರು ಲ್ಯಾನ್ಸರ್ಸ್ ಕುದುರೆದಳದವರು ಕಾರ್ಮೆಲ್ ಬೆಟ್ಟದ ಕಲ್ಲುದಾರಿ ಹತ್ತಿದರು. ಜೆ.ಸಿ. ನಗರದಲ್ಲಿ ಅವರ ಸ್ಮಾರಕವಿದೆ. ಆ ಗೆಲುವಿನಲ್ಲಿ ಲಾಳ ಕಟ್ಟಿದ ಕೈಗಳಿಗೂ ಪಾಲುಂಟೆಂದು ನಾನು ನಂಬುತ್ತೇನೆ.

ಇನ್ನು ಲಾಳವೇ ಇಲ್ಲದ ಬರಿಗೊರಸಿನ ಸವಾರಿ ಈಗಿನ ಹೊಸ ಹುಚ್ಚಲ್ಲ. ಮೊಳೆಯ ಲಾಳ ಬಳಕೆಗೆ ಬರುವ ಎಷ್ಟೋ ಮೊದಲು, ಕ್ರಿಸ್ತಪೂರ್ವ 4ನೇ ಶತಮಾನದ ಗ್ರೀಕ್ ಸೇನಾನಿ ಕ್ಸೆನೊಫೋನ್, ದುಂಡುಗಲ್ಲು ಹರಡಿದ ಅಂಗಳದಲ್ಲಿ ಕುದುರೆ ನಿಲ್ಲಿಸಿ ಗೊರಸು ಗಟ್ಟಿಮಾಡಿರೆಂದು ಬರೆದಿದ್ದಾನೆ. ನಮ್ಮ ಸವಾರಿ ಶಾಲೆಗಳಲ್ಲಿ ಮರಳಂಗಳ ಬಿಟ್ಟು ಕದಲದ ಕುದುರೆಗೆ, ಗೊರಸು ಗಟ್ಟಿಯಿದ್ದರೆ, ಲಾಳ ಬೇಕಿಲ್ಲ ಎಂಬುದೇ ನನ್ನ ಅಭಿಪ್ರಾಯ. ಆದರೆ ಲಾಳ ಕಿತ್ತ ದಿನವೇ ಡಾಂಬರು ರಸ್ತೆಗೆ ಇಳಿಸಬೇಡಿ. ಮೊಳೆತೂತುಗಳೆಲ್ಲ ಇಳಿದುಹೋಗಿ ಮೇಲಿಂದ ಹೊಸ ಗೊರಸು ಪೂರ್ತಿ ಬರಲು ಸುಮಾರು ಒಂದು ವರ್ಷ ಹಿಡಿಯುತ್ತದೆ. ಅಲ್ಲಿಯವರೆಗೂ, ಆಮೇಲೂ, ಆರು ವಾರಕ್ಕೊಮ್ಮೆ ಅರ ಹಿಡಿದವರನ್ನು ಕರೆಸುತ್ತಲೇ ಇರಬೇಕು.