ಬೆಳ್ಳುಳ್ಳಿ ವಾಸನೆಯಿಂದ ಆಕ್ಟೇನ್‌ವರೆಗೆ

ಯಾದಗಿರಿ, ಶಹಾಪುರ, ಸುರಪುರದ ಸೀಮೆಯಲ್ಲಿ ಹತ್ತಿಗೆ ಎಣ್ಣೆ ಹೊಡೆಯುವ ಕಾಲವೆಂದರೆ ವೈದ್ಯರ ಮೂಗಿಗೂ ಕೆಲಸ. ಆರ್ಗನೊಫಾಸ್ಫರಸ್ ಕೀಟನಾಶಕ ಮೈ ಸೇರಿದವರ ಉಸಿರು ಹಲವು ಸಲ ಬೆಳ್ಳುಳ್ಳಿಯಂತೆ ನಾರುತ್ತದೆ. ವಿಷ ಏರಿದರೆ ಶ್ವಾಸಕೋಶದಲ್ಲಿ ನೀರಾಡಿ, ಉಸಿರಾಟದ ಸ್ನಾಯು ಸೋತು, ವೆಂಟಿಲೇಟರ್ ಹಾಕಬೇಕಾಗುತ್ತದೆ.

ಜೀವ ಉಳಿಸುವ ಆ ಗಾಳಿಯೇ ಶ್ವಾಸಕೋಶವನ್ನು ಗಾಸಿ ಮಾಡಲೂಬಹುದು. 1952ರ ಕೋಪನ್‌ಹೇಗನ್‌ನಲ್ಲಿ ಪೋಲಿಯೋ ರೋಗಿಗಳಿಗೆ ವೈದ್ಯ ವಿದ್ಯಾರ್ಥಿಗಳು ಸರದಿಯ ಮೇಲೆ ರಬ್ಬರ್ ಚೀಲ ಒತ್ತಿ ಉಸಿರು ಕೊಟ್ಟಾಗ ಗಮನವೆಲ್ಲ ಜೀವ ಉಳಿಸುವುದರ ಮೇಲಿತ್ತು. 1974ರಲ್ಲಿ ವೆಬ್ ಮತ್ತು ಟಿಯರ್ನಿ ಇಲಿಗಳಿಗೆ ಹೆಚ್ಚು ಒತ್ತಡದ ಗಾಳಿ ಕೊಟ್ಟು ನೋಡಿದರು. ಶ್ವಾಸಕೋಶದಲ್ಲಿ ನೀರು ತುಂಬಿತು. ಮನುಷ್ಯರ ದೊಡ್ಡ ಲೆಕ್ಕ ಸಿಕ್ಕಿದ್ದು 2000ದಲ್ಲಿ. ಅಮೆರಿಕದ ಒಂದು ಪ್ರಯೋಗದಲ್ಲಿ ವೆಂಟಿಲೇಟರ್ ಹಾಕಿದ್ದ 861 ರೋಗಿಗಳಿದ್ದರು. ಒಂದು ಗುಂಪಿಗೆ ಪ್ರತಿ ಉಸಿರಿಗೆ ಕಿಲೋಗೆ 12 ಮಿಲಿಲೀಟರ್ ಗಾಳಿ, ಇನ್ನೊಂದಕ್ಕೆ 6. ಮೊದಲ ಗುಂಪಿನಲ್ಲಿ ಸುಮಾರು 40 ಪ್ರತಿಶತ ಜನ ತೀರಿಕೊಂಡರೆ, ಎರಡನೆಯದರಲ್ಲಿ 31.

ಹಾಗಾದರೆ ಗಾಸಿಯಾಗುತ್ತಿರುವುದು ಮಂಚದ ಪಕ್ಕದಲ್ಲೇ ಗೊತ್ತಾಗುವುದು ಹೇಗೆ?

ಹೊರಬಿಟ್ಟ ಉಸಿರನ್ನೇ ಕೇಳುವ ಯೋಚನೆ ಹೊಸದಲ್ಲ. 1864ರಲ್ಲಿ ಜಾನ್ ಟಿಂಡಾಲ್ ಅವರ ಪ್ರಯೋಗಾಲಯದಲ್ಲಿ ಶಾಖಕಿರಣ ಹಾಯಿಸಿ ಉಸಿರಿನ ಇಂಗಾಲದ ಡೈಆಕ್ಸೈಡ್ ಅಳೆಯಲಾಯಿತು. ಇಂದು ಆಪರೇಷನ್ ಥಿಯೇಟರಿನಲ್ಲಿ ಅಲೆಯಲೆಯಾಗಿ ಓಡುವ ಕ್ಯಾಪ್ನೋಗ್ರಾಫ್ ಗೆರೆ ಅದರದೇ ವಂಶ. 1971ರಲ್ಲಿ ಲೈನಸ್ ಪೌಲಿಂಗ್ ಒಂದು ಉಸಿರಿನಲ್ಲಿ ಸುಮಾರು 250 ಆವಿವಸ್ತು ಎಣಿಸಿದರು. 1991ರಲ್ಲಿ ಸ್ವೀಡನ್ನಿನವರು ಉಸಿರಿನಲ್ಲಿ ನೈಟ್ರಿಕ್ ಆಕ್ಸೈಡ್ ಕಂಡರು. ಅದು ಮುಂದೆ ಅಸ್ತಮಾ ಪರೀಕ್ಷೆಯಾಯಿತು.

ವೆಂಟಿಲೇಟರ್ ರೋಗಿಗಳ ಉಸಿರನ್ನೂ ಹೀಗೆ ಪರೀಕ್ಷಿಸಿದ್ದಾರೆ. 2014ರಲ್ಲಿ ನೆದರ್‌ಲ್ಯಾಂಡ್ಸ್‌ನ ತಂಡವೊಂದು, ತೀವ್ರ ಶ್ವಾಸಕೋಶ ಹಾನಿಯಾದವರ ಉಸಿರಿನಲ್ಲಿ ಆಕ್ಟೇನ್ ಹೆಚ್ಚಿರುವುದನ್ನು ಗುರುತಿಸಿತು. ಜೀವಕೋಶದ ಕೊಬ್ಬು ಆಮ್ಲಜನಕದ ಹೊಡೆತಕ್ಕೆ ಮುರಿದಾಗ ಇಂಥ ಹೈಡ್ರೋಕಾರ್ಬನ್‌ಗಳು ಹುಟ್ಟುತ್ತವೆ. ಸ್ವೀಡನ್ನಿನ ಲುಂಡ್‌ನ ಸಂಶೋಧಕರು ಬೇರೆ ಹಾದಿ ಹಿಡಿದು, ವೆಂಟಿಲೇಟರಿನಿಂದ ಹೊರಬರುವ ಗಾಳಿಯಲ್ಲಿನ ಸೂಕ್ಷ್ಮ ಕಣಗಳನ್ನೇ ಎಣಿಸತೊಡಗಿದರು. ಸಣ್ಣ ಶ್ವಾಸನಾಳಗಳು ಮುಚ್ಚಿ ತೆರೆಯುವಾಗ ಸಿಡಿಯುವ ಹನಿಗಳವು.

ತೊಡಕು ಇರುವುದು ವಾರ್ಡಿನಲ್ಲಿ. ಕೈಗೆ ಹಚ್ಚುವ ಸ್ಪಿರಿಟ್, ಬೀಡಿ, ಕೊಟ್ಟ ಔಷಧಿ, ನಳಿಗೆಯ ತೇವ, ಎಲ್ಲವೂ ಲೆಕ್ಕ ಕೆಡಿಸುತ್ತವೆ. ಕೀಟನಾಶಕ ಬೆರೆಸಿದ ದ್ರಾವಕದ ಆವಿ ಸೇರಿದರಂತೂ ಮುಗಿಯಿತು. ಇಷ್ಟು ದಾಟಿದರೆ ಅಪಾಯ ಎಂಬ ಒಪ್ಪಿತ ಗಡಿಯೂ ಇಲ್ಲ.

ಯಾದಗಿರಿಗೆ ವೈದ್ಯಕೀಯ ಕಾಲೇಜು ಬಂದಿದ್ದು 2022ರಲ್ಲಿ. ಉಸಿರಿನ ಪರೀಕ್ಷೆ ಇನ್ನೂ ಹೀಗಿರುವಾಗ ಅಲ್ಲಿ ಮೊದಲು ಬೇಕಾದದ್ದು ಕ್ಯಾಪ್ನೋಗ್ರಾಫ್ ಮತ್ತು ಅಳತೆ ಟೇಪು ಅನ್ನಬೇಕು. ಏಕೆಂದರೆ ಕಿಲೋಗೆ 6 ಮಿಲಿಲೀಟರ್ ಎಂಬ ಆ ಲೆಕ್ಕ ರೋಗಿಯ ನಿಜ ತೂಕದ್ದಲ್ಲ, ಎತ್ತರದಿಂದ ಅಂದಾಜಿಸಿದ ತೂಕದ್ದು: 165 ಸೆಂಟಿಮೀಟರ್ ಎತ್ತರದ ಗಂಡಸಿಗೆ, ಅವನು ಬಡಕಲಿರಲಿ ದಡೂತಿಯಿರಲಿ, ಉಸಿರಿಗೆ ಸುಮಾರು 370 ಮಿಲಿಲೀಟರ್ ಸಾಕು.