ಬಂದ ಸ್ವಾತಂತ್ರ್ಯ, ಬಾರದ ನೆಲ



ಹಾರೋಹಳ್ಳಿಯ ಎಚ್. ಎಸ್. ದೊರೆಸ್ವಾಮಿಯವರು 1942ರ ಚಳವಳಿಯಲ್ಲಿ 14 ತಿಂಗಳು ಸೆರೆಮನೆಯಲ್ಲಿದ್ದವರು. 1947ರಲ್ಲಿ ಪರಕೀಯರ ಆಳ್ವಿಕೆ ಮುಗಿಯಿತು; 1975ರ ತುರ್ತುಪರಿಸ್ಥಿತಿಯಲ್ಲಿ ಸ್ವಕೀಯರೇ ಅವರನ್ನು ಸೆರೆಗೆ ಕಳಿಸಿದರು. 1974ರ ಭೂಸುಧಾರಣೆಯಿಂದ ಗೇಣಿದಾರನಿಗೆ ನೆಲ ಬಂದಿತು. ಕೂಲಿಯವರಲ್ಲಿ ಬಹುಮಂದಿಗೆ ಬರಲಿಲ್ಲ. ಆದುದರಿಂದಲೇ ಆ ಹಿರಿಯರು ನೂರರ ಅಂಚಿನಲ್ಲಿಯೂ ಭೂಹೀನರೊಡನೆ ಧರಣಿ ಕುಳಿತರು. ಆಳುವವರು ಬದಲಾದರು, ಬಡವನ ಬಾಳು ಬದಲಾಗಲಿಲ್ಲ ಎಂಬುದೇ ಅವರ ಕೊರಗು. 2021ರಲ್ಲಿ, 103 ವರ್ಷ ತುಂಬಿದ ಮೇಲೆ, ಆ ಕೊರಗನ್ನು ನಮಗೆ ಬಿಟ್ಟು ಹೋದರು.

ಸರಕಾರವನ್ನು ದೂರುವುದು ಸುಲಭ. ನಿಮ್ಮ ಹೊಲದಲ್ಲಿ ದುಡಿದವನು ಸಂಜೆ ಕೂಲಿಗಾಗಿ ಕೈಕಟ್ಟಿ ನಿಲ್ಲುತ್ತಾನಲ್ಲ, ಅವನಿಗೆ ಸ್ವಾತಂತ್ರ್ಯ ಕೊಡಬೇಕಾದವರು ಯಾರು? ದೆಹಲಿಯವರೇ, ನೀವೇ? ಮನೆಗೆ ಹೋಗಿ ವಿಚಾರ ಮಾಡಿರಿ.