ಸೇವೆಗೆ ಹಣ, ಹಣಕ್ಕೆ ಲೆಕ್ಕ
(ಅಂಜನಾಪುರದ ವಿದ್ಯಾರ್ಥಿ ಶಿಬಿರದಲ್ಲಿ ನೀಡಿದ ಉಪನ್ಯಾಸ)



ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷವಾದ 1969ರಲ್ಲಿ ರಾಷ್ಟ್ರೀಯ ಸೇವಾ ಯೋಜನೆ ಆರಂಭವಾಯಿತು. ಅದರ ಸ್ವಯಂಸೇವಕರು ಎರಡು ವರ್ಷಗಳಲ್ಲಿ 240 ಗಂಟೆಗಳ ಶ್ರಮವನ್ನು ಸಮಾಜಕ್ಕೆ ಸಲ್ಲಿಸಬೇಕು. ಆದರೆ ಸಸಿಯ ಬೇಲಿಗೆ, ಗುದ್ದಲಿ-ಬುಟ್ಟಿಗಳಿಗೆ ಶ್ರಮವೊಂದೇ ಸಾಲದು, ಹಣವೂ ಬೇಕು.

ಸಂಗ್ರಹಕ್ಕೆ ಮೊದಲು ಖರ್ಚಿನ ಪಟ್ಟಿ ಸಿದ್ಧವಾಗಬೇಕು. ‘ಪರಿಸರಕ್ಕಾಗಿ’ ಎಂದು ಕೇಳಿದರೆ ಜನ ಹಿಂಜರಿಯುತ್ತಾರೆ. ‘ಶಾಲೆಯ ಹಿಂದಿನ ನೂರು ಸಸಿಗಳ ಬೇಲಿಗೆ’ ಎಂದರೆ ಕೊಡುತ್ತಾರೆ.

ಕಾಲವೂ ಮುಖ್ಯ. ಕುಮುದ್ವತಿಯ ನೀರುಣ್ಣುವ ಈ ಅಚ್ಚುಕಟ್ಟಿನಲ್ಲಿ ನಾಟಿಯ ದಿನಗಳೆಂದರೆ ಸಾಲದ ದಿನಗಳು. ಸಹಾಯಾರ್ಥ ಯಕ್ಷಗಾನವೋ ನಾಟಕವೋ ಸುಗ್ಗಿಯ ನಂತರ ನಡೆಯುವುದೇ ಲೇಸು. ಹೆಗ್ಗೋಡಿನ ನೀನಾಸಂ 1985ರಲ್ಲಿ ಆರಂಭಿಸಿದ ತಿರುಗಾಟದ ಪ್ರದರ್ಶನಗಳನ್ನು ಊರೂರಿನ ಸ್ಥಳೀಯ ಸಂಘಟಕರು ಏರ್ಪಡಿಸುತ್ತ ಬಂದಿದ್ದಾರೆ. ಮೇಳದ ವೀಳ್ಯ, ಚಪ್ಪರ, ಧ್ವನಿವರ್ಧಕದ ಖರ್ಚು ಕಳೆದು ಉಳಿಯುವುದೇ ನಿಜವಾದ ಗಳಿಕೆ.

ಸಸ್ಯಕ್ಷೇತ್ರ ಇನ್ನೊಂದು ದಾರಿ. ಹಲಸು, ರಾಂಪತ್ರೆಯ ಬೀಜಗಳು ಒಣಗಿದರೆ ಮೊಳೆಯುವುದಿಲ್ಲ; ಹಣ್ಣಿನಿಂದ ಬಿಡಿಸಿದೊಡನೆ ಬಿತ್ತಬೇಕು. ಅದಕ್ಕೆ ಮಣ್ಣು, ಗೊಬ್ಬರ ಮೊದಲೇ ಸಿದ್ಧವಿರಬೇಕು. ಬೆಳೆದ ಸಸಿಗಳಿಗೆ ಮುಂದಿನ ಮುಂಗಾರಿನಲ್ಲಿ ಬೇಡಿಕೆಯುಂಟು. ಆದರೆ ಸೊರಬದ ಕಾನುಗಳಲ್ಲಿ ಬಿದ್ದ ಬೀಜವನ್ನೆಲ್ಲ ಬಾಚಿ ತಂದರೆ ಕಾಡಿನ ಹೆಸರಿನಲ್ಲಿ ಕಾಡನ್ನೇ ಬರಿದುಮಾಡಿದಂತೆ. ಮಂಗನಿಗೂ ಮಂಗಟ್ಟೆಗೂ ಮರುಹುಟ್ಟಿಗೂ ಪಾಲು ಉಳಿಯಲೇಬೇಕು.

ಪ್ರತಿ ರೂಪಾಯಿಗೂ ರಸೀದಿ, ಖಾತೆಗೆ ಇಬ್ಬರ ಸಹಿ, ವಾರದೊಳಗೆ ಪಂಚಾಯಿತಿ ಫಲಕದಲ್ಲಿ ಜಮಾ-ಖರ್ಚು. ವಿದ್ಯಾರ್ಥಿಗಳು ಓದು ಮುಗಿಸಿ ಊರು ಬಿಡುತ್ತಾರೆ. ಲೆಕ್ಕದ ಪುಸ್ತಕ ಉಳಿಯುತ್ತದೆ. ಮುಂದಿನ ವರ್ಷದ ಮಕ್ಕಳಿಗೆ ಊರು ಬಾಗಿಲು ತೆರೆಯುವುದು ಆ ಪುಸ್ತಕವನ್ನು ನೋಡಿಯೇ.